ದೊಡ್ಡಪ್ಪನ 212 ರೆಕಾರ್ಡ್‌ಗಳು: ಬೆಲೆ ತಿಳಿಯುವುದು ಹೇಗೆ?

ಹಳೇಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ತೀರಿಕೊಂಡು ಏಳು ತಿಂಗಳಾಯಿತು. ಅವರ ರೆಕಾರ್ಡ್‌ಗಳೆಲ್ಲ ನನ್ನ ಪಾಲಿಗೆ ಬಂದಿವೆ. ಮೊನ್ನೆ ಕೂತು ಎಣಿಸಿದೆ, 212 ಇವೆ. ಅದರಲ್ಲಿ 46 ಹಳೇ ಕಾಲದ ಭಾರದ ತಟ್ಟೆಗಳು, 78 ಅಂತ ಬರೆದಿರುವಂಥವು, ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಇಪ್ಪತ್ತೆಂಟು ಚಿಕ್ಕವು. ಉಳಿದದ್ದೆಲ್ಲ ಎಲ್‌ಪಿ, ಅಂದರೆ ದೊಡ್ಡ ವಿನೈಲ್ ತಟ್ಟೆಗಳು. ಜಾಜ್ ಇದೆ, ಪಾಶ್ಚಾತ್ಯ ಶಾಸ್ತ್ರೀಯ ಇದೆ, ಬೀಟಲ್ಸ್, ಪಿಂಕ್ ಫ್ಲಾಯ್ಡ್ ಇವೆ, ನಾನು ಹೆಸರೇ ಕೇಳಿರದವರು ಬೇಕಾದಷ್ಟು ಜನ ಇದ್ದಾರೆ.

ಕಳೆದ ವಾರ ಹಳೇ ರೆಕಾರ್ಡ್ ಕೊಳ್ಳುವವರೊಬ್ಬರು ಬಂದು ನೋಡಿದರು. ಹತ್ತೇ ನಿಮಿಷ. "ಒಳ್ಳೇದು ಕೆಟ್ಟದ್ದು ಎಲ್ಲ ಸೇರಿ ಇಷ್ಟು ಕೊಡ್ತೀನಿ, ಇವತ್ತೇ ಗಾಡಿ ತರ್ತೀನಿ" ಅಂದರು. ಆದರೆ ನೋಡುತ್ತ ನೋಡುತ್ತ ಎಂಟೊಂಬತ್ತು ತಟ್ಟೆಗಳನ್ನು ಪಕ್ಕಕ್ಕೆ ಇಟ್ಟಿದ್ದರು, ಮಾತಾಡುವಾಗಲೂ ಅವರ ಕೈ ಅವುಗಳ ಮೇಲೇ ಹೋಗುತ್ತಿತ್ತು. ಯೋಚನೆ ಮಾಡಿ ಹೇಳ್ತೀನಿ ಅಂದು ಕಳಿಸಿದೆ. ಆಮೇಲೆ ನೆಟ್‌ನಲ್ಲಿ ಹುಡುಕಿದರೆ ತಲೆ ಕೆಟ್ಟಿತು. ಒಂದೇ ಆಲ್ಬಂ, ಒಬ್ಬರು ಹೇಳುವ ಬೆಲೆಗೂ ಇನ್ನೊಬ್ಬರು ಹೇಳುವುದಕ್ಕೂ ನೂರು ಪಟ್ಟು ವ್ಯತ್ಯಾಸ.

ನನಗೆ ತಿಳಿಯಬೇಕಾದ್ದು ಇಷ್ಟು. ಬೆಲೆಬಾಳುವುದು ಯಾವುದು ಅಂತ ನಾನೇ ಕಂಡುಹಿಡಿಯೋದು ಹೇಗೆ? 78ರ ತಟ್ಟೆಗಳು ಎಲ್ಲಕ್ಕಿಂತ ಹಳೆಯವು, ಹಾಗಾದರೆ ಅವಕ್ಕೇ ಹೆಚ್ಚಾ? ಎಲ್ಲದರ ಮೇಲೂ ಧೂಳಿದೆ, ಮೊದಲು ಒರೆಸಬೇಕಾ? ದೊಡ್ಡಪ್ಪ ಪ್ರತಿ ಲೇಬಲ್ ಮೇಲೂ ನೀಲಿ ಇಂಕಿನಲ್ಲಿ ತಮ್ಮ ಹೆಸರು, ಕೊಂಡ ತಾರೀಕು ಬರೆದಿದ್ದಾರೆ. ಅದನ್ನು ಅಳಿಸಿದರೆ ಬೆಲೆ ಏರುತ್ತಾ?

ಗೆರೆಗಣ್ಣು

ಮೊದಲು ಆ ಎಂಟೊಂಬತ್ತು ತಟ್ಟೆ ಯಾವುವು ಅಂತ ನೆನಪು ಮಾಡಿಕೊಳ್ಳಿ. ನೆನಪಿಗೆ ಬಂದಷ್ಟನ್ನು ಬೇರೆ ಇಡಿ. ಅವರು ನಿಮಗೆ ಅರ್ಧ ಉತ್ತರ ಕೊಟ್ಟೇ ಹೋಗಿದ್ದಾರೆ.

ಇಂಕಿನ ಬರಹ ಮುಟ್ಟಬೇಡಿ. ಲೇಬಲ್ ಮೇಲೆ ಬರಹ ಇದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ, ನಿಜ. ಮಾರುವಾಗ ಅದನ್ನು ಮುಚ್ಚಿಡದೆ ಹೇಳಬೇಕು, ಅದೂ ನಿಜ. ಆದರೆ ಅಳಿಸಲು ಹೋದರೆ ಕಾಗದ ಸುಲಿದು ಬರುತ್ತದೆ, ಆಗ ಹೋಗುವುದು ಸ್ವಲ್ಪ ಅಲ್ಲ. ಅಲ್ಲದೆ ಕೊಂಡ ತಾರೀಕು ಬರೆದಿದ್ದಾರೆ ಅಂದಿರಿ. ಅದು ನಿಮಗೆ ಸಿಕ್ಕ ದೊಡ್ಡ ಸುಳಿವು. 1963ರಲ್ಲಿ ಕೊಂಡ ತಟ್ಟೆ 1975ರ ಮರುಮುದ್ರಣ ಆಗಿರಲು ಸಾಧ್ಯವೇ ಇಲ್ಲ!

ಈಗ ಮುಖ್ಯ ವಿಷಯ. ನಾನು 31 ವರ್ಷದಿಂದ ರೆಕಾರ್ಡ್ ಕೂಡಿಸುತ್ತಿದ್ದೇನೆ. ಹೊಸಬರೆಲ್ಲ ಕವರ್ ನೋಡುತ್ತಾರೆ, ಹಾಡಿದವರ ಹೆಸರು ನೋಡುತ್ತಾರೆ. ಬೆಲೆ ಅಲ್ಲಿಲ್ಲ. ತಟ್ಟೆಯನ್ನು ಹೊರಗೆ ತೆಗೆಯಿರಿ, ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ. ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚೆ ಒಂದು ಬೆರಳಗಲ ನುಣುಪಾದ ಪಟ್ಟಿ ಇರುತ್ತದೆ. ಮುಳ್ಳು ಕೊನೆಗೆ ಬಂದು ಸುತ್ತುತ್ತಾ ಇರುವ ಜಾಗ. ಮೊಬೈಲಿನ ಟಾರ್ಚ್ ಹಾಕಿ ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ಅಥವಾ ಒತ್ತಿದ ಅಂಕಿ ಅಕ್ಷರಗಳು ಕಾಣುತ್ತವೆ. ತಟ್ಟೆಯ ಜಾತಕ ಇರುವುದು ಅಲ್ಲೇ.

ಕಾರಣ ಹೇಳುತ್ತೇನೆ. ಮೊದಲು ಮೆತ್ತನೆಯ ಲ್ಯಾಕರ್ ಹಚ್ಚಿದ ಒಂದು ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು, ಅದರಿಂದ 'ಮದರ್', ಮದರ್‌ನಿಂದ 'ಸ್ಟ್ಯಾಂಪರ್'. ವಿನೈಲನ್ನು ಒತ್ತುವುದು ಸ್ಟ್ಯಾಂಪರ್. ಒತ್ತುತ್ತಾ ಒತ್ತುತ್ತಾ ಅದು ಸವೆಯುತ್ತದೆ, ಹೊಸದು ಮಾಡುತ್ತಾರೆ. ಆದ್ದರಿಂದ ಒಂದೇ ಆಲ್ಬಂ ಅಂದರೂ ಮೊದಲ ಕೊರೆತದಿಂದ ಮೊದಮೊದಲು ಒತ್ತಿದ ತಟ್ಟೆ ಬೇರೆ, ಹತ್ತು ವರ್ಷದ ನಂತರದ್ದು ಬೇರೆ. ಇಂಗ್ಲೆಂಡಿನ ಇಎಂಐ ಎಂಬ ರೆಕಾರ್ಡ್ ಕಂಪನಿಯ ತಟ್ಟೆಗಳಲ್ಲಿ ಇದನ್ನು ಓದುವುದು ಬಹಳ ಸುಲಭ. ಮ್ಯಾಟ್ರಿಕ್ಸ್ ನಂಬರನ್ನು, ಅಂದರೆ ಆ ಪಟ್ಟಿಯಲ್ಲಿರುವ ಉದ್ದನೆಯ ನಂಬರನ್ನು, ಗಡಿಯಾರದ 6ರ ಜಾಗಕ್ಕೆ ತಂದು ಹಿಡಿದರೆ, 9ರ ಜಾಗದಲ್ಲಿ ಮದರ್ ಸಂಖ್ಯೆ, 3ರ ಜಾಗದಲ್ಲಿ ಸ್ಟ್ಯಾಂಪರ್ ಅಕ್ಷರ. ಅಕ್ಷರಗಳ ಕ್ರಮ ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ. ಜಿ ಅಂದರೆ 1, ಆರ್ ಅಂದರೆ 2, ಹೀಗೇ ಟಿ 9, ಡಿ ಸೊನ್ನೆ. 'ಜಿಓ' ಅಂತ ಇದ್ದರೆ 15ನೇ ಸ್ಟ್ಯಾಂಪರ್. ಕಂಪನಿಯ ಹೆಸರಿನ 'ಗ್ರಾಮೋಫೋನ್ ಲಿಮಿಟೆಡ್' ಅನ್ನುವುದರಿಂದಲೇ ಆ ಹತ್ತು ಅಕ್ಷರ ಎತ್ತಿಕೊಂಡಿದ್ದಾರೆ. ಮೊದಲ ಸಲ ಇದನ್ನು ಓದಲು ಕಲಿತ ರಾತ್ರಿ ನಾನು ಮಲಗಲಿಲ್ಲ, ಇದ್ದ ಇಎಂಐ ತಟ್ಟೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ.

ನಿಮ್ಮಲ್ಲಿ ಬೀಟಲ್ಸ್ ಇದೆ ಅಂದಿರಿ. ಅವರ ಮೊದಲ ಎಲ್‌ಪಿ ಬಂದದ್ದು 1963ರ ಮಾರ್ಚ್. ಇಂಗ್ಲೆಂಡಿನಲ್ಲಿ ಮೊದಲು ಒತ್ತಿದವಕ್ಕೆ ಕಪ್ಪು ಲೇಬಲ್ ಮೇಲೆ ಚಿನ್ನದ ಬಣ್ಣದ ಅಕ್ಷರ. ಸ್ವಲ್ಪ ದಿನಕ್ಕೇ ಅದು ಹಳದಿ ಅಕ್ಷರವಾಯಿತು. ಚಿನ್ನದ ಅಕ್ಷರದ್ದು, ಅದರಲ್ಲೂ ಸ್ಟೀರಿಯೋ ಇದ್ದರೆ, ಇಡೀ ಪೆಟ್ಟಿಗೆಯ ಬೆಲೆಯನ್ನು ಅದೊಂದೇ ದಾಟಬಹುದು. ಹಳದಿಯದು ಒಳ್ಳೆಯ ತಟ್ಟೆಯೇ, ಆದರೆ ಲಕ್ಷಗಟ್ಟಲೆ ಮನೆಗಳಲ್ಲಿದೆ. ಪಿಂಕ್ ಫ್ಲಾಯ್ಡ್‌ನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಇದ್ದರೆ ಲೇಬಲ್ ಮೇಲಿನ ತ್ರಿಕೋನ ನೋಡಿ. ಇಂಗ್ಲೆಂಡಿನ ಮೊದಲ ಮುದ್ರಣದಲ್ಲಿ ಅದರ ಒಳಗೆಲ್ಲ ನೀಲಿ ತುಂಬಿದೆ, ನಂತರದವುಗಳಲ್ಲಿ ಬರೀ ಗೆರೆಯ ತ್ರಿಕೋನ. ಕವರಿನೊಳಗೆ ಎರಡು ಪೋಸ್ಟರ್, ಎರಡು ಸ್ಟಿಕ್ಕರ್ ಬರುತ್ತಿದ್ದವು. ಅವೂ ಇದ್ದರೆ ಅದೇ ಬೇರೆ ಲೆಕ್ಕ. ಅದಕ್ಕೇ ಕವರನ್ನು ಬೋರಲು ಹಾಕಿ ಕೊಡವಬೇಡಿ, ಕೈ ಹಾಕಿ ಮೆಲ್ಲಗೆ ನೋಡಿ.

ಜಾಜ್ ವಿಷಯದಲ್ಲಿ ನನ್ನದೇ ಒಂದು ನೋವಿದೆ. ಶುರುವಿನ ದಿನಗಳಲ್ಲಿ, ಮನೆ ಬದಲಾಯಿಸುವಾಗ, ಜಾಗ ಸಾಲದು ಅಂತ ಎರಡು ಡಬ್ಬ ತಟ್ಟೆಗಳನ್ನು ಒಟ್ಟು ಲೆಕ್ಕದಲ್ಲಿ ಕೊಟ್ಟುಬಿಟ್ಟೆ. ಒಂದರ ಮೇಲೆ ಬ್ಲೂ ನೋಟ್ ಅಂತಿತ್ತು, ಕೆಳಗೆ ನ್ಯೂಯಾರ್ಕಿನ ಒಂದು ವಿಳಾಸ, '47 ವೆಸ್ಟ್ 63'. ಲೇಬಲ್ ಮೇಲೆ ಮನೆ ವಿಳಾಸ ಯಾಕೆ ಹಾಕಿದ್ದಾರೋ ಅಂದುಕೊಂಡದ್ದು ಇವತ್ತಿಗೂ ನೆನಪಿದೆ. ಎರಡು ವರ್ಷದ ಮೇಲೆ ಗೊತ್ತಾಯಿತು, ಆ ಕಂಪನಿಯ ತಟ್ಟೆಗೆ ಕಾಲ ಕಟ್ಟುವುದೇ ಆ ವಿಳಾಸದಿಂದ. 1966ರಲ್ಲಿ ಕಂಪನಿ ಲಿಬರ್ಟಿ ಎಂಬ ಇನ್ನೊಂದು ರೆಕಾರ್ಡ್ ಕಂಪನಿಯ ಕೈಗೆ ಹೋಯಿತು. ಅದಕ್ಕಿಂತ ಮುಂಚಿನ ತಟ್ಟೆಗಳ ನುಣುಪು ಪಟ್ಟಿಯಲ್ಲಿ ಕಿವಿಯ ಆಕಾರದ ಚಿಕ್ಕ ಗುರುತಿರುತ್ತದೆ, ಒತ್ತಿದ ಕಾರ್ಖಾನೆಯದು. ಜೊತೆಗೆ ಧ್ವನಿ ಕೊರೆದ ರೂಡಿ ವ್ಯಾನ್ ಗೆಲ್ಡರ್ ಅವರ 'ಆರ್‌ವಿಜಿ' ಅಥವಾ ಪೂರ್ತಿ ಹೆಸರಿನ ಮುದ್ರೆ. ಕೈ ಬದಲಾದ ಮೇಲೂ ಹಳೇ ಲೇಬಲ್ ಕಾಗದ ಉಳಿದಿತ್ತು, ಅದನ್ನೇ ಅಂಟಿಸಿದ್ದಾರೆ. ಹಾಗಾಗಿ ಲೇಬಲ್ ಒಂದನ್ನೇ ನಂಬಬೇಡಿ, ಕಿವಿ ಇದೆಯಾ ನೋಡಿ. ನಾನು ಕೊಟ್ಟ ತಟ್ಟೆಗೆ ಕಿವಿ ಇತ್ತಾ? ನೋಡಿರಲೇ ಇಲ್ಲ. ಅದಕ್ಕೇ ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ, ಆ ಒಟ್ಟು ಲೆಕ್ಕಕ್ಕೆ ಒಪ್ಪಬೇಡಿ.

ಮುದ್ರಣ ಸರಿ ಇದ್ದರೂ ಸ್ಥಿತಿ ಸರಿ ಇಲ್ಲದಿದ್ದರೆ ಬೆಲೆ ಕುಸಿಯುತ್ತದೆ. ಜಗತ್ತಿನಾದ್ಯಂತ ಹೆಚ್ಚಿನವರು ಗೋಲ್ಡ್‌ಮೈನ್ ಪತ್ರಿಕೆಯ ಶ್ರೇಣಿ ಬಳಸುತ್ತಾರೆ: ಮಿಂಟ್ (ಹೊಚ್ಚ ಹೊಸದರಂತೆ), ನಿಯರ್ ಮಿಂಟ್, ವಿಜಿ ಪ್ಲಸ್ (ವಿಜಿ ಅಂದರೆ 'ವೆರಿ ಗುಡ್'), ವಿಜಿ, ಗುಡ್, ಹೀಗೆ ಕೆಳಕ್ಕೆ. ಹೆಸರು ಕೇಳಿ ಮೋಸಹೋಗಬೇಡಿ, 'ಗುಡ್' ಅಂದರೆ ಗೀರು ಬಿದ್ದು ಚಟಪಟ ಅನ್ನುವ ತಟ್ಟೆ. ಸುಮಾರಾಗಿ ನಿಯರ್ ಮಿಂಟ್‌ನ ಬೆಲೆಯಲ್ಲಿ ಅರ್ಧ ವಿಜಿ ಪ್ಲಸ್‌ಗೆ, ಕಾಲು ಭಾಗ ವಿಜಿಗೆ, ಗುಡ್‌ಗೆ ಹತ್ತರಲ್ಲಿ ಒಂದು. ಸ್ಥಿತಿ ನೋಡಲು ಟ್ಯೂಬ್‌ಲೈಟ್ ಸಾಲದು. ಒಂದೇ ಬಲ್ಬಿನ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಕೂದಲೆಳೆಯಂಥ ಗೀರು ಕಣ್ಣಿಗೆ ಕಂಡರೂ ಕಿವಿಗೆ ಕೇಳದೆ ಇರಬಹುದು. ಉಗುರಿಗೆ ತಡೆಯುವ ಗೀರು ಖಂಡಿತ ಕೇಳುತ್ತದೆ. ನಡುವಿನ ತೂತಿನ ಸುತ್ತ ನೋಡಿ: ತಟ್ಟೆ ಇಡುವಾಗ ಟರ್ನ್‌ಟೇಬಲ್‌ನ ಕಡ್ಡಿ ತಗುಲಿ ತಗುಲಿ ಲೇಬಲ್ ಮೇಲೆ ಸಣ್ಣ ಬೂದು ಗೆರೆ ಬಿದ್ದಿರುತ್ತವೆ. ಅದು ಜಾಸ್ತಿ ಇದ್ದಷ್ಟೂ ತಟ್ಟೆ ಜಾಸ್ತಿ ತಿರುಗಿದೆ. ಮೇಲೆ ಫಳಫಳ ಹೊಳೆಯುತ್ತಿದ್ದರೂ ಸವೆದ ಮುಳ್ಳಲ್ಲಿ ಹಾಕಿದ್ದರೆ ಜೋರು ಭಾಗದಲ್ಲಿ ಧ್ವನಿ ಒಡೆಯುತ್ತದೆ. ಅದಕ್ಕೆ ಬೆಲೆಬಾಳುವುದು ಅಂತ ಕಂಡದ್ದನ್ನು ಒಮ್ಮೆ ಕೇಳಿಯೇ ಮಾರಬೇಕು.

ಇನ್ನು ನೆಟ್‌ನಲ್ಲಿ ಕಂಡ ಬೆಲೆ. ಮಾರುವವರು ಕೇಳುವ ಬೆಲೆಗೆ ಅರ್ಥವಿಲ್ಲ, ಯಾರು ಏನು ಬೇಕಾದರೂ ಕೇಳಬಹುದು. ಮಾರಾಟವಾದ ಬೆಲೆ ನೋಡಿ. ರೆಕಾರ್ಡ್‌ಗಳದೇ ವೆಬ್‌ಸೈಟ್ ಆದ ಡಿಸ್ಕಾಗ್ಸ್‌ನಲ್ಲಿ ಲೇಬಲ್ ಮೇಲಿರುವ ಕ್ಯಾಟಲಾಗ್ ನಂಬರ್ ಹಾಕಿದರೆ ಒಂದೇ ಆಲ್ಬಂನ ಹತ್ತಾರು ಮುದ್ರಣ ಬರುತ್ತವೆ. ನಿಮ್ಮ ಮ್ಯಾಟ್ರಿಕ್ಸ್ ನಂಬರ್ ಯಾವುದಕ್ಕೆ ಹೊಂದುತ್ತದೋ ಅದನ್ನು ತೆರೆಯಿರಿ, ಅಲ್ಲಿ ಈವರೆಗೆ ಮಾರಿದ ಕನಿಷ್ಠ, ನಡುವಿನ, ಗರಿಷ್ಠ ಬೆಲೆ ಇರುತ್ತದೆ. ಇಬೇಯಲ್ಲೂ ಮಾರಾಟವಾದವನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ. ನಿಮಗೆ ಕಂಡ ನೂರು ಪಟ್ಟು ವ್ಯತ್ಯಾಸಕ್ಕೆ ಕಾರಣ ಇದೇ, ಬೇರೆ ಬೇರೆ ಮುದ್ರಣವನ್ನು ಒಂದೇ ಅಂದುಕೊಂಡಿದ್ದೀರಿ.

ಅರಗಿನತಟ್ಟೆ

ಗೆರೆಗಣ್ಣು ಸರ್ ಎಲ್‌ಪಿ ಬಗ್ಗೆ ಹೇಳಿಬಿಟ್ಟಿದ್ದಾರೆ, ನಾನು 78ರ ಬಗ್ಗೆ ಹೇಳುತ್ತೇನೆ. ಒರೆಸುವ ಪ್ರಶ್ನೆ ಕೇಳಿದ್ದೀರಲ್ಲ, ಅದಕ್ಕೇ ಓಡಿ ಬಂದೆ.

ನಿಮ್ಮ 46 ತಟ್ಟೆಗಳಿಗೆ ಸ್ಪಿರಿಟ್ ಆಗಲಿ, ಆಲ್ಕೋಹಾಲ್ ಇರುವ ಯಾವುದೇ ದ್ರವವಾಗಲಿ ಸೋಕಿಸಬೇಡಿ. ಅವು ವಿನೈಲ್ ಅಲ್ಲ, ಅರಗು. ಅರಗು, ಕಲ್ಲುಪುಡಿ, ಕಪ್ಪಿಗೆ ಮಸಿ ಕಲಸಿ ಒತ್ತಿದ್ದು. ಮರಕ್ಕೆ ಪಾಲಿಶ್ ಮಾಡುವವರು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಇದು ನನಗೆ ಗೊತ್ತಿರಲಿಲ್ಲ. ಎಲ್‌ಪಿ ಒರೆಸಲು ತಂದಿದ್ದ ದ್ರವದಲ್ಲೇ ಹತ್ತಿ ಅದ್ದಿ ಅಜ್ಜನ ತಟ್ಟೆಯೊಂದನ್ನು ಒರೆಸಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಇತ್ತು ಅಂತ ಖುಷಿಪಟ್ಟು ಇನ್ನೊಂದು ಸಲ ಒರೆಸಿದೆ, ಮತ್ತೂ ಕಪ್ಪು. ಮೂರನೇ ಸಲಕ್ಕೆ ಬೆರಳಿಗೆ ಅಂಟಂಟು ತಗುಲಿತು. ಬೆಳಕಿಗೆ ಹಿಡಿದೆ. ಮೊದಲಿನ ಹೊಳಪೇ ಇಲ್ಲ, ಸ್ಲೇಟಿನ ಹಾಗೆ ಮಂಕು. ಬಂದದ್ದು ಕೊಳೆಯಲ್ಲ, ತಟ್ಟೆಯೇ. ಅಜ್ಜ ದಿನಾ ಸಂಜೆ ಕೇಳುತ್ತಿದ್ದ ಹಾಡು ಅದು, ಈಗ ಹಾಕಿದರೆ ಹಾಡಿಗಿಂತ ಮೊರೆತವೇ ಜಾಸ್ತಿ.

ಒಣ ಮೆತ್ತನೆ ಬ್ರಷ್ಷಿನಲ್ಲಿ ಗೆರೆಗಳ ಗುಂಟ ಧೂಳು ತೆಗೆಯಿರಿ, ಈಗ ಅಷ್ಟು ಸಾಕು. ನೀರು ಬೇಕೇ ಬೇಕು ಅಂದರೆ ಡಿಸ್ಟಿಲ್ಡ್ ವಾಟರ್, ಲೇಬಲ್ ನೆನೆಯದ ಹಾಗೆ, ತಕ್ಷಣ ಒರೆಸಿ ಒಣಗಿಸಿ.

ಹಳೆಯದಕ್ಕೇ ಹೆಚ್ಚಾ ಅಂತ ಕೇಳಿದಿರಿ. ಇಲ್ಲ. ಇಟಲಿಯ ಒಪೆರಾ ಗಾಯಕ ಕರೂಸೋ ಅವರ ತಟ್ಟೆಗಳನ್ನೇ ನೋಡಿ, ನೂರು ವರ್ಷ ದಾಟಿದವು, ಹೆಸರು ಜಗದ್ವಿಖ್ಯಾತ. ಆದರೆ ಆ ಕಾಲದಲ್ಲಿ ಎಷ್ಟು ಖರ್ಚಾದವು ಅಂದರೆ ಈಗಲೂ ಎಲ್ಲಿ ನೋಡಿದರೂ ಸಿಗುತ್ತವೆ, ಹೆಚ್ಚಿನವಕ್ಕೆ ಬೆಲೆ ಅತ್ಯಲ್ಪ. ಇನ್ನೊಂದು ತುದಿಯಲ್ಲಿ ಪ್ಯಾರಾಮೌಂಟ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕುರ್ಚಿ ಮಾಡುವ ಕಂಪನಿ ನಡೆಸುತ್ತಿದ್ದ ರೆಕಾರ್ಡ್ ಬ್ರ್ಯಾಂಡ್ ಅದು. ಅರಗೂ ಕಳಪೆ, ಹೊಸ ತಟ್ಟೆಯೇ ಸರಸರ ಅನ್ನುತ್ತಿತ್ತು. ಕಪ್ಪು ಜನರ ಬ್ಲೂಸ್ ಹಾಡುಗಳನ್ನು ಮುದ್ರಿಸಿ ಮಾರಿದರು. 1930ರ ಹೊತ್ತಿಗೆ ಆರ್ಥಿಕ ಕುಸಿತ ಬಂತು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ, ಆ ವರ್ಷಗಳ ತಟ್ಟೆಗಳಲ್ಲಿ ಕೆಲವು ಒಂದೋ ಎರಡೋ ಪ್ರತಿ ಉಳಿದಿವೆ ಅಷ್ಟೇ. ಟಾಮಿ ಜಾನ್ಸನ್ ಎಂಬ ಗಾಯಕನ ಅಂಥ ಒಂದು ತಟ್ಟೆ 2013ರಲ್ಲಿ 37,100 ಡಾಲರ್‌ಗೆ ಹೋಯಿತು. ಎಷ್ಟು ಉಳಿದಿದೆ, ಎಷ್ಟು ಜನಕ್ಕೆ ಬೇಕು, ಈ ಎರಡೇ ಪ್ರಶ್ನೆ. ವಯಸ್ಸಲ್ಲ.

ಇನ್ನೊಂದು. ಎಲ್‌ಪಿಯ ಮುಳ್ಳಲ್ಲಿ 78 ಹಾಕಬೇಡಿ. ಇದರ ಗೆರೆ ಅಗಲ, ಮುಳ್ಳಿನ ತುದಿ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಇರಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕಿಳಿದು ಅಲ್ಲಿನ ಧೂಳನ್ನೇ ಕೆರೆಯುತ್ತದೆ. ಕೀ ಕೊಡುವ ಹಳೇ ಗ್ರಾಮಫೋನ್ ಮನೆಯಲ್ಲಿದ್ದರೆ ಅದರ ಮೇಲೆ ಎಲ್‌ಪಿ ಇಡುವುದಂತೂ ಬೇಡವೇ ಬೇಡ. ಆ ಭಾರಕ್ಕೆ ಉಕ್ಕಿನ ಪಿನ್ನು ಒಂದೇ ಸಲಕ್ಕೆ ವಿನೈಲನ್ನು ಉತ್ತು ಹಾಕುತ್ತದೆ.

ಸಂಜೆಪಿಟೀಲು

ಶಾಸ್ತ್ರೀಯದವುಗಳನ್ನು "ಇದಕ್ಕೆ ಯಾರು ಬರ್ತಾರೆ" ಅಂತ ಬದಿಗೆ ಹಾಕಬೇಡಿ. ಬಹುಪಾಲಿಗೆ ಬೆಲೆ ಇಲ್ಲ ನಿಜ, ದೊಡ್ಡ ದೊಡ್ಡ ಬಾಕ್ಸ್ ಸೆಟ್‌ಗಳಿಗಂತೂ ಕೇಳುವವರೇ ಕಡಿಮೆ. ಆದರೆ 1958ರಿಂದ ಅರವತ್ತರ ದಶಕದ ಶುರುವಿನವರೆಗೆ ಇಂಗ್ಲೆಂಡಿನಲ್ಲಿ ಒತ್ತಿದ ಸ್ಟೀರಿಯೋ ತಟ್ಟೆಗಳನ್ನು ಆರಿಸಿ ತೆಗೆಯಿರಿ. ಕೊಲಂಬಿಯಾ ಕಂಪನಿಯ 'ಎಸ್‌ಎಎಕ್ಸ್' ನಂಬರಿನವು, ಲೇಬಲ್ ನೀಲಿ ಬೆಳ್ಳಿ ಬಣ್ಣದ್ದು. ಅದೇ ನಂಬರ್ ಆಮೇಲೆ ಕೆಂಪು ಲೇಬಲ್‌ನಲ್ಲೂ ಬಂದಿದೆ, ಅದಕ್ಕೆ ಬೆಲೆ ಬಹಳ ಕಡಿಮೆ. ಡೆಕ್ಕಾ ಕಂಪನಿಯ 'ಎಸ್‌ಎಕ್ಸ್‌ಎಲ್' ನಂಬರಿನವು ಆದರೆ ಲೇಬಲ್ ಅಂಚಿನ ಬರಹ ಓದಿ. ಮೊದಲಿನವುಗಳಲ್ಲಿ 'ಒರಿಜಿನಲ್ ರೆಕಾರ್ಡಿಂಗ್ ಬೈ' ಅಂತ ಶುರುವಾಗುತ್ತದೆ, ನಂತರದವುಗಳಲ್ಲಿ 'ಮೇಡ್ ಇನ್ ಇಂಗ್ಲೆಂಡ್ ಬೈ'.

ಒಂಟಿ ಪಿಟೀಲು, ಒಂಟಿ ಚೆಲ್ಲೋ ತಟ್ಟೆಗಳಿಗೆ ಬೇಡಿಕೆ ಜಾಸ್ತಿ. ಲಿಯೊನಿಡ್ ಕೋಗನ್ ನುಡಿಸಿರುವುದು, ಯೋಹಾನ್ನಾ ಮಾರ್ಟ್ಸಿ ನುಡಿಸಿರುವುದು ಕಂಡರೆ ದಯವಿಟ್ಟು ಯಾರಿಗೂ ಕೊಡುವ ಮುಂಚೆ ಇಲ್ಲಿ ಬಂದು ಹೇಳಿ. ಮಾರ್ಟ್ಸಿಯವರ ಬಾಖ್ ಸೊನಾಟಾಗಳನ್ನು ಮೂಲ ತಟ್ಟೆಯಲ್ಲಿ ನಾನು ಒಂದೇ ಒಂದು ಸಲ ಕೇಳಿದ್ದೇನೆ, ಬೇರೆಯವರ ಮನೆಯಲ್ಲಿ. ಇಪ್ಪತ್ತು ನಿಮಿಷ ಯಾರೂ ಕೂತ ಜಾಗದಿಂದ ಅಲುಗಲಿಲ್ಲ.

ಹಳೇಪೆಟ್ಟಿಗೆ

ಎಲ್ಲರಿಗೂ ಕೈ ಮುಗಿದೆ. ನಾಲ್ಕು ರಾತ್ರಿ ಟಾರ್ಚ್ ಹಿಡಿದು ಕೂತೆ. 78ಕ್ಕೆ ಒಣ ಬ್ರಷ್ ಬಿಟ್ಟು ಏನೂ ಮುಟ್ಟಿಸಿಲ್ಲ.

ಪಿಂಕ್ ಫ್ಲಾಯ್ಡ್ ತ್ರಿಕೋನದಲ್ಲಿ ನೀಲಿ ಇಲ್ಲ, ಬರೀ ಗೆರೆ. ಪೋಸ್ಟರ್ ಒಂದೇ ಇದೆ, ಮಡಿಕೆಯಲ್ಲಿ ಹರಿದಿದೆ. ಬೀಟಲ್ಸ್ ಹಳದಿ ಅಕ್ಷರದ್ದು. ಅವರದೇ 1968ರ ಬಿಳಿ ಕವರಿನ ಆಲ್ಬಂಗೆ ನಂಬರ್ ಒತ್ತಿದ್ದಾರೆ, ಮೂರು ಲಕ್ಷ ಚಿಲ್ಲರೆ. ಬ್ಲೂ ನೋಟ್ ಎರಡಿವೆ. ಒಂದರಲ್ಲಿ ಕಿವಿ ಇಲ್ಲ. ಇನ್ನೊಂದರ ಲೇಬಲ್‌ನಲ್ಲಿ 'ನ್ಯೂಯಾರ್ಕ್ ಯುಎಸ್‌ಎ', ಪಟ್ಟಿಯಲ್ಲಿ ಕಿವಿಯೂ ಇದೆ, ವ್ಯಾನ್ ಗೆಲ್ಡರ್ ಮುದ್ರೆಯೂ ಇದೆ. ದೊಡ್ಡಪ್ಪ ಬರೆದ ತಾರೀಕು 1964. ಎಸ್‌ಎಎಕ್ಸ್ ಮೂರು ಸಿಕ್ಕಿವೆ, ಎರಡು ಕೆಂಪು, ಒಂದು ನೀಲಿ ಬೆಳ್ಳಿ. ಕೋಗನ್ ಅಲ್ಲ, ಆರ್ಕೆಸ್ಟ್ರಾದ್ದು. ಆ ವ್ಯಾಪಾರಿ ಪಕ್ಕಕ್ಕಿಟ್ಟ ತಟ್ಟೆಗಳಲ್ಲಿ ಐದು ನೆನಪಿಗೆ ಬಂತು. ಕಿವಿಯ ಬ್ಲೂ ನೋಟ್, ನೀಲಿ ಬೆಳ್ಳಿ ಎರಡೂ ಅದರಲ್ಲಿವೆ!

ಈಗ ಎರಡೇ ಪ್ರಶ್ನೆ. ಬಿಳಿ ಕವರಿನ ನಂಬರ್‌ಗೆ ಬೆಲೆ ಇದೆಯಾ? ಮತ್ತೆ, ಮಾರುವುದಾದರೆ ಕಳಿಸುವುದು ಹೇಗೆ, ದಾರಿಯಲ್ಲಿ ಒಡೆದರೆ?

ಗೆರೆಗಣ್ಣು

ಕಿವಿ ಕಂಡಿತಲ್ಲ, ಓದಿ ನನಗೇ ಮೈ ಜುಂ ಅಂದಿತು.

ಬಿಳಿ ಕವರಿನದು: ನಂಬರ್ ಚಿಕ್ಕದಿದ್ದಷ್ಟೂ ಬೆಲೆ. 0000001 ಅನ್ನುವುದು ರಿಂಗೋ ಸ್ಟಾರ್ ಅವರ ಬಳಿಯೇ ಇತ್ತು, 2015ರಲ್ಲಿ 7,90,000 ಡಾಲರ್‌ಗೆ ಹರಾಜಾಯಿತು. ಮೂರು ಲಕ್ಷದ ನಂಬರ್‌ಗೆ ಅದರಿಂದಾಗಿ ವಿಶೇಷ ಬೆಲೆ ಸಿಗುವುದಿಲ್ಲ, ಕವರ್ ಎಷ್ಟು ಬೆಳ್ಳಗಿದೆ, ಒಳಗಿನ ನಾಲ್ಕು ಫೋಟೋ ಮತ್ತು ಪೋಸ್ಟರ್ ಇದೆಯಾ ಅನ್ನುವುದರ ಮೇಲೆ ಹೋಗುತ್ತದೆ.

ಆ ಬ್ಲೂ ನೋಟ್ ಮತ್ತು ನೀಲಿ ಬೆಳ್ಳಿ ಎಸ್‌ಎಎಕ್ಸ್ ಎರಡನ್ನೂ ಬೇರೆ ಬೇರೆಯಾಗಿಯೇ ಮಾರಿ. ಲೇಬಲ್ ಎರಡೂ ಬದಿ, ನುಣುಪು ಪಟ್ಟಿ, ಬಲ್ಬಿನ ಕೆಳಗೆ ಓರೆಯಾಗಿ ಹಿಡಿದ ಮೈ, ಕವರಿನ ನಾಲ್ಕು ಮೂಲೆ, ಎಲ್ಲದರ ಫೋಟೋ ಹಾಕಿ. ಇಂಕಿನ ಹೆಸರು ಕಾಣುವ ಹಾಗೆ ತೆಗೆಯಿರಿ. ದರ್ಜೆ ಹೇಳುವಾಗ ನಿಮಗೆ ತೋರಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೇಳಿ. ವಿಜಿ ಪ್ಲಸ್ ಅಂದು ವಿಜಿ ಕಳಿಸಿದರೆ ತಟ್ಟೆ ವಾಪಸು ಬರುತ್ತದೆ, ಬರುವಾಗ ಇನ್ನೊಂದು ಗೀರು ಹೊತ್ತೇ ಬರುತ್ತದೆ. ಉಳಿದ ಸಾಧಾರಣ ಎಲ್‌ಪಿಗಳನ್ನು ಬೇಕಾದರೆ ಈಗ ಆ ವ್ಯಾಪಾರಿಗೇ ಒಟ್ಟಾಗಿ ಕೊಡಿ, ಅದರಲ್ಲಿ ತಪ್ಪಿಲ್ಲ. ಅವರೂ ಬದುಕಬೇಕು.

ಕಳಿಸುವಾಗ ತಟ್ಟೆಯನ್ನು ಕವರಿನೊಳಗೆ ಬಿಡಬೇಡಿ. ಒಳಚೀಲದ ಸಮೇತ ಹೊರತೆಗೆದು ಕವರಿನ ಹಿಂದೆ ಇಡಿ, ಎರಡನ್ನೂ ಸೇರಿಸಿ ಹೊರಗೊಂದು ಪ್ಲಾಸ್ಟಿಕ್ ಚೀಲ ಹಾಕಿ. ಒಳಗೇ ಬಿಟ್ಟರೆ ಪೆಟ್ಟಿಗೆ ಒಂದು ಸಲ ಬಿದ್ದರೂ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳಿಕೊಂಡು ಹೊರಬರುತ್ತದೆ. ಮುಂದೆ ಹಿಂದೆ ತಲಾ ಎರಡು ರಟ್ಟು, ತಟ್ಟೆಗಿಂತ ಒಂದಿಂಚು ದೊಡ್ಡವು, ಒಂದರ ಏಣು (ರಟ್ಟಿನೊಳಗಿನ ಅಲೆಯಂಥ ಗೆರೆ) ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ ಬರುವ ಹಾಗೆ. ಅಲ್ಲಾಡದಂತೆ ತುಂಬಿ, ಆದರೆ ಬಿಗಿ ಮಾಡಬೇಡಿ. ಅರಗಿನವುಗಳನ್ನು ಸದ್ಯಕ್ಕೆ ಕಳಿಸುವ ಯೋಚನೆ ಬೇಡ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ಬೀಳದ ಗೋಡೆಗೆ. ಆ 46ರ ಲೇಬಲ್ ಹೆಸರು, ನಂಬರ್ ಬರೆದು ಇಲ್ಲಿ ಹಾಕಿ, ಅರಗಿನತಟ್ಟೆಯವರೂ ನಾನೂ ಒಂದೊಂದಾಗಿ ನೋಡಿ ಹೇಳುತ್ತೇವೆ.